ಟಿಪ್ಪರಿನಿಂದ ಇಳಿದ ಮೇಲೂ ನೆಲ ಅದುರಿದಂತಾಗುವುದು ಏಕೆ?

ಪೆರ್ಲದ ಟಿಪ್ಪರಿನವ

ಎಲ್ಲರಿಗೂ ನಮಸ್ಕಾರ. ನಾನು ಹದಿನಾಲ್ಕು ವರ್ಷಗಳಿಂದ ಟಿಪ್ಪರ್ ಓಡಿಸುತ್ತಿದ್ದೇನೆ. ಮೊದಲು ಕೆಂಪುಕಲ್ಲು, ಜಲ್ಲಿ ಸಾಗಿಸುತ್ತಿದ್ದೆ. ತಲಪಾಡಿಯಿಂದ ಚೆಂಗಳದವರೆಗಿನ 39 ಕಿಲೋಮೀಟರ್ ಹೆದ್ದಾರಿಯನ್ನು ಆರು ಪಥಕ್ಕೆ ಅಗಲಿಸುವ ಕೆಲಸ ಬಂದಾಗ ಮಣ್ಣು ಸಾಗಿಸಲು ಅಲ್ಲಿಗೆ ಹೋದೆ. ಈಗ ಮತ್ತೆ ಕೋರೆಯ ದಾರಿಗೇ ಮರಳಿದ್ದೇನೆ. ಕೋರೆಯಿಂದ ಡಾಮರು ರಸ್ತೆಯವರೆಗಿನ ಹಾದಿ ಹೇಗಿರುತ್ತದೆಂದು ನಮ್ಮ ಕಡೆಯವರಿಗೆ ವಿವರಿಸಬೇಕಾಗಿಲ್ಲ. ಮುರಕಲ್ಲಿನ ಹಾಸು, ಮಳೆನೀರು ಕೊರೆದ ಗುಂಡಿ, ಏರು, ಇಳಿಜಾರು.

ಕಳೆದ ತಿಂಗಳು ಒಂದು ಸಂಜೆ ಕೊನೆಯ ಲೋಡು ಸುರಿದು ಕ್ಯಾಬಿನ್ನಿನಿಂದ ಇಳಿಯುತ್ತಿದ್ದೆ. ಕೆಳಗಿನ ಮೆಟ್ಟಿಲಿನಿಂದ ಚಾಚಿದ ಕಾಲಿಗೆ ನೆಲ ಸಿಕ್ಕಿತೆಂದು ಅನ್ನಿಸಿತು, ಆದರೆ ನೆಲ ಇನ್ನೂ ಒಂದು ಗೇಣು ಕೆಳಗಿತ್ತು. ಆಯ ತಪ್ಪಿ ಬಿದ್ದೆ, ಮಣಿಕಟ್ಟು ಊದಿಕೊಂಡಿತು. ಅಲ್ಲಿದ್ದವರು ನಗುತ್ತಾ ಕೇಳಿದ್ದು, ಎಷ್ಟು ಹಾಕಿದ್ದೀಯೆಂದು. ನಾನು ಕುಡಿಯುವವನಲ್ಲ.

ಬಿದ್ದದ್ದು ಒಂದೇ ಸಲವಾದರೂ ಇನ್ನೊಂದು ತೊಂದರೆ ಎರಡು ವರ್ಷಗಳಿಂದ ಇದೆ. ಮನೆಗೆ ಬಂದು ಸ್ನಾನ ಮಾಡುವಾಗ ಮುಖಕ್ಕೆ ಸಾಬೂನು ಹಚ್ಚಿ ಕಣ್ಣು ಮುಚ್ಚಿದೊಡನೆ ದೇಹ ಮುಂದಕ್ಕೆ ವಾಲಿದಂತಾಗುತ್ತದೆ, ಕಾಲಡಿಯ ನೆಲ ಸಣ್ಣಗೆ ಅದುರಿದಂತಾಗುತ್ತದೆ, ಒಂದು ಕೈಯಲ್ಲಿ ಗೋಡೆ ಹಿಡಿಯದೆ ನಿಲ್ಲಲಾಗುವುದಿಲ್ಲ. ಕೆಲಸಕ್ಕೆ ಹೋಗದ ದಿನ ಹೀಗಾಗುವುದಿಲ್ಲ. ದಿನವಿಡೀ ಸೀಟಿನ ಮೇಲೆ ಕುಲುಕಿಸಿಕೊಳ್ಳುವುದಕ್ಕೂ ಇದಕ್ಕೂ ಸಂಬಂಧವಿದೆಯೇ? ಬೆನ್ನುನೋವಿನ ವಿಷಯ ಎಲ್ಲರೂ ಹೇಳುತ್ತಾರೆ. ಆಯ ತಪ್ಪುವ ವಿಷಯವನ್ನು ಯಾರೂ ಹೇಳಿದ್ದು ನಾನು ಕೇಳಿಲ್ಲ.

ಮಂಜೇಶ್ವರದ ಬೋಟಿನವ

ಅಣ್ಣ, ಇದು ನಮಗೆ ಹೊಸತಲ್ಲ. ಎರಡು ಮೂರು ದಿನ ಕಡಲಿನಲ್ಲಿದ್ದು ದಡಕ್ಕೆ ಬಂದರೆ ಮೊದಲ ರಾತ್ರಿ ಚಾಪೆಯೇ ತೂಗುತ್ತದೆ. ಬೆಳಿಗ್ಗೆ ಸರಿಹೋಗುತ್ತದೆ. ನಿಮಗೆ ಆಗುತ್ತಿರುವುದೂ ಅದೇ ಇರಬಹುದೇ?

ಬದಿಯಡ್ಕದ ವೈದ್ಯೆ

ಟಿಪ್ಪರಿನ ಅಣ್ಣ ಬರೆದ ಸಾಬೂನಿನ ವಿಷಯ ಅವರು ತಿಳಿದದ್ದಕ್ಕಿಂತ ಹೆಚ್ಚು ಮಹತ್ವದ್ದು, ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

ನಾವು ನೆಟ್ಟಗೆ ನಿಲ್ಲುವುದು ಮೂರು ಕಡೆಯಿಂದ ಬರುವ ಸುದ್ದಿಯನ್ನು ಮೆದುಳು ಒಟ್ಟುಗೂಡಿಸುವುದರಿಂದ. ಕಣ್ಣು ಒಂದು. ಒಳಗಿವಿಯ ಅರೆವೃತ್ತ ನಾಳಗಳು ಮತ್ತು ಅವುಗಳ ಬುಡದಲ್ಲಿರುವ ಎರಡು ಚೀಲಗಳು ಇನ್ನೊಂದು. ತಲೆ ತಿರುಗಿದ್ದನ್ನು ನಾಳಗಳೂ, ವಾಲಿದ್ದನ್ನು ಮತ್ತು ಎತ್ತಿ ಇಳಿಸಿದ್ದನ್ನು ಚೀಲಗಳೂ ತಿಳಿಸುತ್ತವೆ. ಮೂರನೆಯದು ಅಂಗಾಲಿನ ಚರ್ಮ, ಕೀಲುಗಳು ಮತ್ತು ಸ್ನಾಯುಗಳೊಳಗೆ ಕದಿರಿನ ಆಕಾರದಲ್ಲಿರುವ ಸಣ್ಣ ಗ್ರಾಹಕಗಳು. ಸ್ನಾಯು ಎಷ್ಟು ಎಳೆದಿದೆ, ಎಷ್ಟು ವೇಗವಾಗಿ ಎಳೆಯುತ್ತಿದೆ ಎಂಬುದನ್ನು ಇವು ಹೇಳುತ್ತಲೇ ಇರುತ್ತವೆ. ಈ ಮೂರರಲ್ಲಿ ಒಂದು ತಪ್ಪು ಸುದ್ದಿ ಕೊಟ್ಟರೂ ಉಳಿದೆರಡನ್ನು ನಂಬಿ ಮೆದುಳು ದೇಹವನ್ನು ನಿಲ್ಲಿಸಿಕೊಳ್ಳುತ್ತದೆ. ಕಾಲಿನ ಸುದ್ದಿ ಮಸುಕಾದಾಗ ಕಣ್ಣು ತೆರೆದಿರುವಷ್ಟು ಹೊತ್ತು ಏನೂ ತೋರುವುದಿಲ್ಲ. ಕಣ್ಣು ಮುಚ್ಚಿದೊಡನೆ ಗುಟ್ಟು ಹೊರಬೀಳುತ್ತದೆ. ಪಾದಗಳನ್ನು ಜೋಡಿಸಿ ನಿಲ್ಲಿಸಿ ಕಣ್ಣು ಮುಚ್ಚಿಸುವ ರೋಂಬರ್ಗ್ ಪರೀಕ್ಷೆಯನ್ನು ನಾವು ಹತ್ತೊಂಬತ್ತನೆಯ ಶತಮಾನದಿಂದ ಮಾಡುತ್ತಿರುವುದು ಇದೇ ಕಾರಣಕ್ಕೆ. ನೀವು ಅದನ್ನು ಬಚ್ಚಲಿನಲ್ಲಿ, ಜಾರುವ ನೆಲದ ಮೇಲೆ, ದಿನವೂ ಮಾಡಿಕೊಳ್ಳುತ್ತಿದ್ದೀರಿ. ದಯವಿಟ್ಟು ಇಂದಿನಿಂದ ಸ್ಟೂಲಿನ ಮೇಲೆ ಕುಳಿತು ಸ್ನಾನ ಮಾಡಿ.

ಕಂಪನವು ಈ ಮೂರನೆಯ ಸುದ್ದಿಗಾರನನ್ನು ಕೆಡಿಸಬಲ್ಲದು. ಸ್ನಾಯುವಿನ ತುದಿಯ ಸ್ನಾಯುರಜ್ಜಿನ ಮೇಲೆ ಸೆಕೆಂಡಿಗೆ ನೂರರ ಆಸುಪಾಸಿನ ಕಂಪನ ಕೊಟ್ಟರೆ ಕೈ ಇದ್ದಲ್ಲೇ ಇದ್ದರೂ ಮಡಚಿಕೊಂಡೋ ಚಾಚಿಕೊಂಡೋ ಹೋಗುತ್ತಿರುವಂತೆ ಆ ವ್ಯಕ್ತಿಗೆ ಅನ್ನಿಸುತ್ತದೆ ಎಂಬುದನ್ನು 1972ರಲ್ಲಿಯೇ ತೋರಿಸಿಕೊಡಲಾಗಿದೆ. ಗ್ರಾಹಕಗಳು ಕಂಪನವನ್ನು ಎಳೆತವೆಂದೇ ವರದಿ ಮಾಡುತ್ತವೆ. ಕಂಪನ ನಿಂತ ಮೇಲೆ ಅವು ಕೆಲವು ಹೊತ್ತು ಮಂದವಾಗಿಯೂ ಇರುತ್ತವೆ. ಅಂಗಾಲಿನ ಸ್ಪರ್ಶವೂ ಹಾಗೆಯೇ; ಕಂಪಿಸುವ ನೆಲದ ಮೇಲೆ ಪಾದವಿಟ್ಟು ತೆಗೆದ ಬಳಿಕ ಸಣ್ಣ ಸ್ಪರ್ಶ ಗೊತ್ತಾಗುವುದು ತಾತ್ಕಾಲಿಕವಾಗಿ ಕಡಿಮೆಯಾಗುತ್ತದೆ.

ಬೋಟಿನ ಅಣ್ಣನವರ ಅನುಭವ ಹತ್ತಿರದ್ದಾದರೂ ಬೇರೆ. ಕಡಲಿನ ತೂಗಾಟ ಬಹಳ ನಿಧಾನದ್ದು, ಎರಡು ಸೆಕೆಂಡಿನಿಂದ ಹತ್ತು ಸೆಕೆಂಡಿಗೊಮ್ಮೆ ಬರುವಂಥದ್ದು. ಒಳಗಿವಿ ಮತ್ತು ಮೆದುಳು ಅದಕ್ಕೆ ಹೊಂದಿಕೊಂಡುಬಿಡುತ್ತವೆ. ದಡಕ್ಕೆ ಬಂದ ಮೇಲೆ ಆ ಹೊಂದಾಣಿಕೆಯನ್ನು ಬಿಡಲು ಹೊತ್ತು ಬೇಕಾಗುತ್ತದೆ.

ಇಷ್ಟಾಗಿಯೂ ಎಲ್ಲವನ್ನೂ ಟಿಪ್ಪರಿನ ತಲೆಗೆ ಕಟ್ಟಬೇಡಿ. ಮಧುಮೇಹದಿಂದ ಪಾದದ ನರ ಮಂದವಾದರೂ ಕಣ್ಣು ಮುಚ್ಚಿದಾಗ ಹೀಗೆಯೇ ಆಗುತ್ತದೆ. ಬಿ12 ಕೊರತೆಯಲ್ಲಿಯೂ ಆಗುತ್ತದೆ. ಸಕ್ಕರೆ ಪರೀಕ್ಷೆ ಮಾಡಿಸಿದ್ದೀರಾ? ರಕ್ತದೊತ್ತಡದ ಮಾತ್ರೆ ಇದೆಯೇ? ಕಿವಿಯಲ್ಲಿ ಮೊರೆತ, ಕೇಳಿಸುವುದು ಕಡಿಮೆಯಾಗುವುದು, ಹಾಸಿಗೆಯಲ್ಲಿ ಹೊರಳಿದಾಗ ಕೋಣೆ ತಿರುಗಿದಂತಾಗುವುದು, ಇವುಗಳಲ್ಲಿ ಯಾವುದಾದರೂ ಇದ್ದರೆ ಕೂಡಲೇ ತೋರಿಸಿಕೊಳ್ಳಿ.

ಪೆರ್ಲದ ಟಿಪ್ಪರಿನವ

ಡಾಕ್ಟರೇ, ಮಾತ್ರೆ ಯಾವುದೂ ಇಲ್ಲ. ಕಿವಿ ಸರಿಯಾಗಿಯೇ ಕೇಳುತ್ತದೆ. ಸಕ್ಕರೆ ಪರೀಕ್ಷೆ ಮಾಡಿಸಿ ಎಷ್ಟೋ ಕಾಲವಾಯಿತು, ಮಾಡಿಸಿ ತಿಳಿಸುತ್ತೇನೆ. ಒಂದು ಮಾತು ಬಿಟ್ಟಿದ್ದೆ: ನಾನು ಚಪ್ಪಲಿ ಕಳಚಿಟ್ಟು ಬರಿಗಾಲಿನಲ್ಲಿಯೇ ಓಡಿಸುವುದು. ಕ್ಲಚ್ಚು, ಬ್ರೇಕು ಕಾಲಿಗೆ ಚೆನ್ನಾಗಿ ತಿಳಿಯುತ್ತದೆಂದು ಅಭ್ಯಾಸ.

ಮುಳ್ಳೇರಿಯದ ಮಾಷ್ಟ್ರು

ವಿಷಯದ ಭೌತಶಾಸ್ತ್ರದ ಭಾಗವನ್ನು ನಾನು ಸ್ವಲ್ಪ ಬಿಡಿಸಿ ಹೇಳಲು ಪ್ರಯತ್ನಿಸುತ್ತೇನೆ, ಏಕೆಂದರೆ ಕುಲುಕು ಎಂಬ ಒಂದೇ ಪದದಲ್ಲಿ ನಾವು ಬೇರೆ ಬೇರೆ ಸಂಗತಿಗಳನ್ನು ಸೇರಿಸಿಬಿಡುತ್ತೇವೆ.

ಕುಳಿತಿರುವ ಮನುಷ್ಯನ ದೇಹ ಒಂದು ಗಟ್ಟಿ ದಿಮ್ಮಿಯಲ್ಲ. ತಲೆ, ಎದೆಗೂಡು, ಹೊಟ್ಟೆಯ ಅಂಗಗಳು ಬೆನ್ನುಮೂಳೆಯೆಂಬ ಸ್ಪ್ರಿಂಗಿಗೆ ತೂಗುಹಾಕಿದ ತೂಕಗಳಂತಿವೆ. ಇಂಥ ವ್ಯವಸ್ಥೆಗೆ ತನ್ನದೇ ಆದ ಒಂದು ಆವೃತ್ತಿ ಇರುತ್ತದೆ. ಮೇಲೆ ಕೆಳಗಿನ ಚಲನೆಗೆ ಅದು 4ರಿಂದ 6 ಹರ್ಟ್ಸ್, ಅಂದರೆ ಸೆಕೆಂಡಿಗೆ ಸುಮಾರು ಐದು ಕುಲುಕು. ಹೊರಗಿನಿಂದ ಬರುವ ಕಂಪನ ಇದೇ ಆವೃತ್ತಿಯಲ್ಲಿದ್ದರೆ ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ದೂಡಿದಂತೆ ದೇಹದೊಳಗಿನ ಚಲನೆ ಸೀಟಿನ ಚಲನೆಗಿಂತ ಹೆಚ್ಚಾಗುತ್ತದೆ. ಮುಂದೆ ಹಿಂದೆ ಮತ್ತು ಅಕ್ಕಪಕ್ಕದ ಚಲನೆಗೆ ದೇಹ ಇನ್ನೂ ಕೆಳಗಿನ, 2 ಹರ್ಟ್ಸ್‌ಗಿಂತ ಕಡಿಮೆ ಆವೃತ್ತಿಯಲ್ಲಿ ಹೆಚ್ಚು ಸ್ಪಂದಿಸುತ್ತದೆ. ದುರದೃಷ್ಟವೆಂದರೆ ಕೆಟ್ಟ ದಾರಿಯಲ್ಲಿ ಹೋಗುವ ದೊಡ್ಡ ವಾಹನಗಳು ಕೊಡುವ ಕಂಪನದ ಬಹುಪಾಲು ಇದೇ ಕೆಳ ಆವೃತ್ತಿಗಳಲ್ಲಿ ಬೀಳುತ್ತದೆ.

ಈ ಕಾರಣದಿಂದಲೇ ಐಎಸ್ಒ 2631-1 ಎಂಬ ಅಂತರರಾಷ್ಟ್ರೀಯ ಮಾನಕವು ಎಲ್ಲ ಆವೃತ್ತಿಗಳನ್ನೂ ಸಮನಾಗಿ ಎಣಿಸುವುದಿಲ್ಲ. 0.5ರಿಂದ 80 ಹರ್ಟ್ಸ್‌ವರೆಗಿನ ಕಂಪನಕ್ಕೆ ದೇಹದ ಸೂಕ್ಷ್ಮತೆಗೆ ತಕ್ಕ ತೂಕ ಕೊಟ್ಟು, ಕುಳಿತವರ ಆರೋಗ್ಯದ ಲೆಕ್ಕದಲ್ಲಿ ಅಡ್ಡ ದಿಕ್ಕಿನ ಅಳತೆಗಳನ್ನು 1.4ರಿಂದ ಗುಣಿಸಿ, ಕೊನೆಗೆ ವೇಗೋತ್ಕರ್ಷದ ಒಂದು ಸಂಖ್ಯೆಯನ್ನು ಕೊಡುತ್ತದೆ. ಆ ಸಂಖ್ಯೆಯನ್ನು ಎಂಟು ಗಂಟೆಯ ಕೆಲಸಕ್ಕೆ ಹೊಂದಿಸಿದಾಗ 0.5 ಮೀ/ಸೆ² ತಲುಪಿದರೆ ಮಾಲೀಕರು ಕ್ರಮ ಕೈಗೊಳ್ಳಬೇಕು, 1.15 ಮೀ/ಸೆ² ದಾಟಲೇಬಾರದು ಎಂದು ಯುರೋಪಿನ ಒಕ್ಕೂಟ 2002ರ ನಿರ್ದೇಶನದಲ್ಲಿ ಗೊತ್ತುಪಡಿಸಿತು.

ಉದಾಹರಣೆಗೆ ಒಂದು ವಾಹನದ ಸೀಟಿನಲ್ಲಿ 0.7 ಮೀ/ಸೆ² ಇದೆಯೆಂದು ಇಟ್ಟುಕೊಳ್ಳೋಣ. 0.5ನ್ನು 0.7ರಿಂದ ಭಾಗಿಸಿ, ವರ್ಗ ಮಾಡಿ, ಎಂಟರಿಂದ ಗುಣಿಸಿದರೆ ಸುಮಾರು 4.1 ಬರುತ್ತದೆ. ಅಂದರೆ ನಾಲ್ಕು ಗಂಟೆ ಓಡಿಸುವಷ್ಟರಲ್ಲಿ ಕ್ರಮದ ಮಟ್ಟ ಮುಟ್ಟಿಯಾಯಿತು. ಅದೇ ವಾಹನವನ್ನು ಹತ್ತು ಗಂಟೆ ಓಡಿಸಿದರೆ ಎಂಟು ಗಂಟೆಗೆ ಹೊಂದಿಸಿದ ಅಳತೆ 0.78 ಆಗುತ್ತದೆ. ಲೆಕ್ಕದಲ್ಲಿ ವರ್ಗ ಇರುವುದರಿಂದ ನಮಗೆ ಒಂದು ಲಾಭವೂ ಇದೆ: ಕುಲುಕನ್ನು ಅರ್ಧಕ್ಕೆ ಇಳಿಸಿದರೆ ಅದೇ ಮಟ್ಟ ಮುಟ್ಟಲು ನಾಲ್ಕು ಪಟ್ಟು ಹೊತ್ತು ಬೇಕು. ಆದರೆ ಈ ಮಿತಿಗಳು ಮುಖ್ಯವಾಗಿ ಬೆನ್ನಿನ ಆರೋಗ್ಯವನ್ನು ಕಣ್ಣಮುಂದಿಟ್ಟುಕೊಂಡು ಬಂದವು. ಇಷ್ಟರ ಒಳಗಿದ್ದರೆ ಇಳಿಯುವಾಗ ಆಯ ತಪ್ಪುವುದಿಲ್ಲವೆಂದು ಅವು ಎಲ್ಲಿಯೂ ಹೇಳುವುದಿಲ್ಲ.

ಸೀತಾಂಗೋಳಿಯ ಗ್ಯಾರೇಜಿನವ

ಮಾಷ್ಟ್ರು ಹೇಳಿದ ಐದು ಕುಲುಕಿನ ಮಾತಿಗೆ ಸೀಟಿನ ಮಾತನ್ನೂ ಸೇರಿಸುತ್ತೇನೆ. ಬರಿಯ ಸ್ಪಂಜಿನ ಸೀಟಿಗೂ ಒಂದು ಸ್ವಂತ ಆವೃತ್ತಿ ಇದೆ, ಅದು ಸುಮಾರು 4 ಹರ್ಟ್ಸ್. ದೇಹಕ್ಕೆ ಎಲ್ಲಿ ಹೆಚ್ಚು ಪೆಟ್ಟೋ ಅಲ್ಲಿಯೇ ಸ್ಪಂಜು ಕುಲುಕನ್ನು ದೊಡ್ಡದು ಮಾಡಿ ಕೊಡುತ್ತದೆ. ಮೆತ್ತಗಿದೆಯೆಂದು ಸ್ಪಂಜಿನ ಮೇಲೆ ಸ್ಪಂಜು ಹಾಕಿಸಿಕೊಂಡು ಬರುವವರಿಗೆ ಇದನ್ನು ಹೇಳಿದರೆ ನಂಬುವುದಿಲ್ಲ.

ಸಸ್ಪೆನ್ಷನ್ ಇರುವ ಸೀಟು ಒಂದರಿಂದ ಎರಡು ಹರ್ಟ್ಸ್‌ನಲ್ಲಿ ತೂಗುವಂತೆ ಮಾಡಿರುತ್ತಾರೆ. ಅದರ 1.4 ಪಟ್ಟಿಗಿಂತ ಮೇಲಿನ ಕಂಪನವನ್ನು ಮಾತ್ರ ಅದು ತಡೆಯುತ್ತದೆ. ಕೆಳಗಿನದ್ದನ್ನು ಹಾಗೆಯೇ ಬಿಡುತ್ತದೆ ಅಥವಾ ಹೆಚ್ಚಿಸುತ್ತದೆ. ತೂಕಕ್ಕೆ ಹೊಂದಿಸುವ ಗುಬ್ಬಿಯನ್ನು ತಿರುಗಿಸದೆ ಹಾಗೆಯೇ ಬಿಟ್ಟರೆ ತೆಳ್ಳಗಿನವರ ಸೀಟು ಮೇಲಿನ ತಡೆಗೂ ದಪ್ಪಗಿನವರ ಸೀಟು ಕೆಳಗಿನ ತಡೆಗೂ ಬಡಿಯುತ್ತದೆ, ಆಗ ಬರುವ ಪೆಟ್ಟು ಸಸ್ಪೆನ್ಷನ್ ಇಲ್ಲದ ಸೀಟಿನದ್ದಕ್ಕಿಂತ ಕೆಟ್ಟದ್ದು. ನಮ್ಮಲ್ಲಿಗೆ ಬರುವ ಬಂಡಿಗಳಲ್ಲಿ ಸೀಟಿನ ಶಾಕ್ ಅಬ್ಸಾರ್ಬರ್ ಕೆಟ್ಟ ಮೇಲೆ ಹೊಸತು ಹಾಕುವ ಬದಲು ನಡುವೆ ಕಬ್ಬಿಣದ ತುಂಡಿಟ್ಟು ವೆಲ್ಡ್ ಮಾಡಿಸಿಬಿಟ್ಟದ್ದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಟಿಪ್ಪರಿನ ಅಣ್ಣ, ನಿಮ್ಮ ಸೀಟನ್ನು ಒಮ್ಮೆ ಬಗ್ಗಿ ನೋಡಿ.

ಖಾಲಿ ಬಂಡಿಯ ವಿಷಯವೂ ಇದೆ. ಲೀಫ್ ಸ್ಪ್ರಿಂಗಿನ ಪ್ಲೇಟುಗಳನ್ನು ತುಂಬಿದ ಲೋಡಿಗೆ ಲೆಕ್ಕ ಹಾಕಿ ಕೂಡಿಸಿರುತ್ತಾರೆ. ಲೋಡು ಸುರಿದ ಮೇಲೆ ಅವು ಕಲ್ಲಿನಷ್ಟು ಗಟ್ಟಿ. ಚಾಲಕರು ವೇಗವಾಗಿ ಬರುವುದೂ ಆಗಲೇ.

ಕುಂಬಳೆಯ ಜೆಸಿಬಿಯವ

ಟಿಪ್ಪರಿನವರಿಗೆ ಸ್ಪ್ರಿಂಗಾದರೂ ಇದೆ. ಜೆಸಿಬಿಯ ಹಿಂದಿನ ಆಕ್ಸಲ್ ನೇರವಾಗಿ ಚಾಸಿಗೆ ಕೂಡಿಸಿದ್ದು. ಟಯರಿನ ಗಾಳಿಯೇ ನಮಗೆ ಸ್ಪ್ರಿಂಗು. ಮಣ್ಣು ಅಗೆಯುವಾಗ ಅಷ್ಟು ತೊಂದರೆಯಿಲ್ಲ, ಏಕೆಂದರೆ ಬಂಡಿ ಕಾಲೂರಿ ನಿಂತಿರುತ್ತದೆ. ಒಂದು ಸೈಟಿನಿಂದ ಇನ್ನೊಂದಕ್ಕೆ ರಸ್ತೆಯಲ್ಲಿ ಓಡಿಸುವಾಗ ಮುಂದೆ ಹಿಂದೆ ತಲೆ ಆಡಿಸುತ್ತಾ ಹೋಗುತ್ತದೆ. ಹಿಟಾಚಿಯಲ್ಲಿ ಕೆಲಸ ಮಾಡಿದ ದಿನ ಬೇರೆಯದೇ ಅನುಭವ: ಬ್ರೇಕರ್ ಹಾಕಿ ಬಂಡೆ ಒಡೆದರೆ ಕೈ, ಹಲ್ಲು ಎಲ್ಲ ಸಣ್ಣಗೆ ಅದುರುತ್ತದೆ, ಆದರೆ ಇಳಿದಾಗ ತೂಗಿದಂತಾಗುವುದಿಲ್ಲ. ದೊಡ್ಡ ನಿಧಾನದ ಕುಲುಕೇ ಹೆಚ್ಚು ಕೆಡಿಸುವುದೆಂದು ನನ್ನ ಅನುಭವ. ಮಾಷ್ಟ್ರು ಹೇಳಿದ್ದಕ್ಕೆ ಇದು ಹೊಂದುತ್ತದೆಯೋ ಇಲ್ಲವೋ ನೀವೇ ಹೇಳಿ.

ಹೊಸೂರಿನ ಕ್ವಾರಿ ಸೇಫ್ಟಿಯವ

ನಾನು ಗ್ರಾನೈಟ್ ಕ್ವಾರಿಗಳಲ್ಲಿ ಸುರಕ್ಷತೆಯ ಕೆಲಸ ಮಾಡುವವನು. ಇಲ್ಲಿಯವರೆಗಿನ ಚರ್ಚೆ ಚೆನ್ನಾಗಿದೆ, ಆದರೆ ಎಲ್ಲರೂ ಒಂದೇ ಕಡೆಗೆ ವಾಲುತ್ತಿರುವುದರಿಂದ ಸ್ವಲ್ಪ ತಡೆಯಬೇಕೆನ್ನಿಸುತ್ತದೆ.

ಇದೇ ಪ್ರಶ್ನೆಯನ್ನು ಅಮೆರಿಕದ ರಾಷ್ಟ್ರೀಯ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಸ್ಥೆಯ ಗಣಿ ವಿಭಾಗದವರು ಕಲ್ಲುಗಣಿಗಳಲ್ಲಿಯೇ ಪರಿಶೀಲಿಸಿದ್ದಾರೆ. ವರದಿ 2017ರಲ್ಲಿ ಪ್ರಕಟವಾಯಿತು. ಗಣಿ ವಾಹನಗಳಿಂದ ಬೀಳುವವರಲ್ಲಿ ಹೆಚ್ಚಿನವರು ಬೀಳುವುದು ಹತ್ತುವಾಗ ಅಥವಾ ಇಳಿಯುವಾಗ ಎಂಬುದು ಅವರ ಆರಂಭದ ಮಾತು. ನಾಲ್ಕು ಗಣಿಗಳಲ್ಲಿ ದೊಡ್ಡ ಟ್ರಕ್ಕು ಓಡಿಸುವ ಏಳು ಮಂದಿಯ ಇಡೀ ದೇಹಕ್ಕೆ ಮತ್ತು ಕೈಗೆ ತಗಲುವ ಕಂಪನವನ್ನು ಅಳೆದು, ಅವರ ನಿಲುವಿನ ಸ್ಥಿರತೆ, ಸ್ಪರ್ಶದ ಸೂಕ್ಷ್ಮತೆ ಮತ್ತು ಹಿಡಿತದ ಬಲವನ್ನು ಪರೀಕ್ಷಿಸಿದರು. ದೇಹದ ಕಂಪನ ಹೆಚ್ಚಿನ ಪಾಲು ಎಚ್ಚರಿಕೆಯ ವಲಯಕ್ಕಿಂತ, ಅಂದರೆ ಆರೋಗ್ಯ ಕೆಡಬಹುದೆಂದು ಮಾನಕವು ಎಚ್ಚರಿಸುವ ಮಟ್ಟಕ್ಕಿಂತ, ಕೆಳಗಿತ್ತು, ಕೆಲವು ಸಲ ಮಾತ್ರ ಅದರೊಳಗೂ ಮೇಲೂ ಹೋಗಿತ್ತು. ಕಂಪನಕ್ಕೂ ಈ ಮೂರು ಸಂಗತಿಗಳಿಗೂ ಗಣನೀಯವಾದ ಸಂಬಂಧ ಅವರಿಗೆ ಕಾಣಲಿಲ್ಲ.

ನಮ್ಮ ಕ್ವಾರಿಯ ಅನುಭವವೂ ನನ್ನನ್ನು ಇದೇ ಕಡೆಗೆ ಒಯ್ಯುತ್ತದೆ. ಬಿದ್ದವರ ವರದಿ ಬರೆಯುವಾಗ ನಾನು ಕಾಣುವುದು ಬಾಗಿದ ಮೆಟ್ಟಿಲು, ಮುರಿದ ಹಿಡಿಕೆ, ಎಣ್ಣೆ ಜಿಡ್ಡು, ಸವೆದ ಹವಾಯಿ ಚಪ್ಪಲಿ, ಮಧ್ಯಾಹ್ನದಿಂದ ನೀರು ಕುಡಿಯದ ಚಾಲಕ. ಕಂಪನವನ್ನು ಅಪರಾಧಿಯೆಂದು ತೀರ್ಮಾನಿಸಿದ ಕೂಡಲೇ ಮಾಲೀಕರು ಅದಕ್ಕೆ ನಾವೇನು ಮಾಡಲಾಗುತ್ತದೆ ಎಂದು ಕೈಚೆಲ್ಲುತ್ತಾರೆ. ಮೆಟ್ಟಿಲು ಮಾತ್ರ ಬಾಗಿದಂತೆಯೇ ಉಳಿಯುತ್ತದೆ.

ಬದಿಯಡ್ಕದ ವೈದ್ಯೆ

ಈ ತಡೆ ಬೇಕಾಗಿತ್ತು, ಧನ್ಯವಾದ. ನಾನು ಹಿಂದೆ ಬರೆದದ್ದರಲ್ಲಿಯೂ ಒಂದು ತಿದ್ದುಪಡಿ ಮಾಡಬೇಕು. ಸ್ನಾಯುರಜ್ಜಿನ ಮೇಲೆ ಕೊಟ್ಟ ನೂರರ ಆಸುಪಾಸಿನ ಕಂಪನದ ಪ್ರಯೋಗವನ್ನು ಸೆಕೆಂಡಿಗೆ ನಾಲ್ಕೈದು ಸಲ ಕುಲುಕುವ ಲಾರಿಗೆ ನೇರವಾಗಿ ಅನ್ವಯಿಸಲಾಗುವುದಿಲ್ಲ. ಗ್ರಾಹಕ ಅದೇ ಆದರೂ ಅದಕ್ಕೆ ತಗಲುವುದು ಬೇರೆ.

ಆದರೆ ಏಳು ಮಂದಿಯಲ್ಲಿ ಸಂಬಂಧ ಕಾಣಲಿಲ್ಲವೆಂದರೆ ಸಂಬಂಧವೇ ಇಲ್ಲವೆಂದು ಅರ್ಥವಲ್ಲ, ವಿಶೇಷವಾಗಿ ಅವರ ದಾರಿ ಮತ್ತು ಸೀಟು ನಮ್ಮದಕ್ಕಿಂತ ಉತ್ತಮವಾಗಿದ್ದಾಗ. ಇನ್ನೊಂದು ಕಡೆಯ ಸಾಕ್ಷ್ಯವೂ ಇದೆ. 2008ರಲ್ಲಿ ಅಮೆರಿಕದ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದವರು ಕುಳಿತವರಿಗೆ ಕಂಪನ ಕೊಟ್ಟು, ಬಳಿಕ ಅಲುಗಾಡುವ ಪೀಠದ ಮೇಲೆ ಕೂರಿಸಿ ನೋಡಿದಾಗ ಸೊಂಟದಿಂದ ಮೇಲಿನ ದೇಹವನ್ನು ಸ್ಥಿರವಾಗಿಡುವ ಸಾಮರ್ಥ್ಯ ಕಡಿಮೆಯಾಗಿತ್ತು. ಕಂಪನದ ಬಳಿಕ ಹಠಾತ್ತನೆ ಭಾರ ಬಿದ್ದರೆ ಬೆನ್ನಿನ ಸ್ನಾಯುಗಳು ಎಂದಿಗಿಂತ ತಡವಾಗಿ ಬಿಗಿಯಾಗುತ್ತವೆ ಎಂಬುದೂ ಬೇರೆ ಪ್ರಯೋಗಗಳಲ್ಲಿ ಕಂಡಿದೆ. ಕಾಲು ಎಡವಿದಾಗ ನಮ್ಮನ್ನು ಉಳಿಸುವುದು ಆ ಕ್ಷಣದ ಬಿಗಿತವೇ. ನಿಂತು ಅಳೆಯುವ ಪರೀಕ್ಷೆಯಲ್ಲಿ ಕಾಣದ ಕೊರತೆ ಮೆಟ್ಟಿಲು ತಪ್ಪಿದಾಗ ಕಾಣಬಹುದು.

ನನ್ನ ಈಗಿನ ಅಭಿಪ್ರಾಯ ಹೀಗಿದೆ. ದೀರ್ಘ ಹೊತ್ತಿನ ಕುಲುಕು ಸೊಂಟ ಮತ್ತು ಕಾಲಿನ ಸುದ್ದಿಯನ್ನು ಸ್ವಲ್ಪ ಹೊತ್ತು ಮಸುಕು ಮಾಡುತ್ತದೆ, ಸ್ನಾಯುಗಳನ್ನು ದಣಿಸುತ್ತದೆ. ಅದಷ್ಟರಿಂದಲೇ ಯಾರೂ ಬೀಳುವುದಿಲ್ಲ. ಹಲವು ಗಂಟೆ ಕಾಲು ಮಡಚಿ ಕುಳಿತ ಜೋಮು, ಬೆವರಿ ನೀರು ಕಳೆದುಕೊಂಡವರು ತಟ್ಟನೆ ಎದ್ದಾಗ ಇಳಿಯುವ ರಕ್ತದೊತ್ತಡ, ಬೆಳಕಿನಿಂದ ಕತ್ತಲಿಗೆ ಹೋದ ಕಣ್ಣು, ಕೆಸರು ಮೆತ್ತಿದ ಮೆಟ್ಟಿಲು ಇವೆಲ್ಲ ಒಂದೇ ನಿಮಿಷದಲ್ಲಿ ಕೂಡಿಬಂದರೆ ಬೀಳುತ್ತಾರೆ. ಟಿಪ್ಪರಿನ ಅಣ್ಣ ಬಿದ್ದದ್ದು ಮುಸ್ಸಂಜೆಯಲ್ಲಿ ಎಂಬುದನ್ನು ಗಮನಿಸಿ.

ಜೆಸಿಬಿಯ ಅಣ್ಣನ ಅನುಭವ ಮಾಷ್ಟ್ರ ವಿವರಣೆಗೆ ಹೊಂದುತ್ತದೆ. ಹೆಚ್ಚಿನ ಆವೃತ್ತಿಯ ಸಣ್ಣ ಅದುರನ್ನು ಸೀಟು ಮತ್ತು ಮೈಮಾಂಸ ಬಹುಪಾಲು ನುಂಗುತ್ತವೆ. ನಿಧಾನದ ದೊಡ್ಡ ಕುಲುಕಿಗೆ ಪ್ರತಿ ಸಲವೂ ಬೆನ್ನಿನ ಸ್ನಾಯು ಬಿಗಿಹಿಡಿಯಬೇಕಾಗುತ್ತದೆ.

ನೀರ್ಚಾಲಿನ ವಿದ್ಯಾರ್ಥಿ

ಕ್ಷಮಿಸಿ, ನನಗೆ ಒಂದು ಗೊಂದಲ. ಮಂಗಳೂರಿನ ಜಿಮ್ಮೊಂದರಲ್ಲಿ ಅದುರುವ ಹಲಗೆಯ ಮೇಲೆ ನಿಲ್ಲಿಸುತ್ತಾರೆ, ವಯಸ್ಸಾದವರಿಗೆ ಅದರಿಂದ ಸಮತೋಲನ ಸುಧಾರಿಸುತ್ತದೆಂದು ಹೇಳುತ್ತಾರೆ. ಅದೂ ಇಡೀ ದೇಹದ ಕಂಪನವೇ ಅಲ್ಲವೇ? ಒಂದು ಕಡೆ ಮದ್ದು, ಇನ್ನೊಂದು ಕಡೆ ರೋಗ ಹೇಗಾಗುತ್ತದೆ?

ಉಪ್ಪಳದ ಫಿಸಿಯೋ

ಒಳ್ಳೆಯ ಪ್ರಶ್ನೆ, ಹೆಸರು ಒಂದೇ ಆದದ್ದರಿಂದ ಬಂದ ಗೊಂದಲ. ಆ ಹಲಗೆ ಸಾಮಾನ್ಯವಾಗಿ 25ರಿಂದ 40 ಹರ್ಟ್ಸ್‌ನಲ್ಲಿ ಅದುರುತ್ತದೆ, ಮೊಣಕಾಲು ಸ್ವಲ್ಪ ಬಗ್ಗಿಸಿ ನಿಂತಿರುತ್ತಾರೆ, ಒಂದು ಸಲಕ್ಕೆ ಅರ್ಧ ನಿಮಿಷವೋ ಒಂದು ನಿಮಿಷವೋ, ನಡುವೆ ವಿಶ್ರಾಂತಿ. ಬಗ್ಗಿದ ಮೊಣಕಾಲು ಅದುರನ್ನು ತಲೆಗೆ ಹೋಗಗೊಡುವುದಿಲ್ಲ. ಕಾಲಿನ ಸ್ನಾಯು ಅನೈಚ್ಛಿಕವಾಗಿ ಬಿಗಿಯಾಗಿ ವ್ಯಾಯಾಮವಾಗುತ್ತದೆ. ಲಾರಿಯಲ್ಲಿ ಮೊಣಕಾಲಿನ ರಕ್ಷಣೆಯಿಲ್ಲ, ಪೆಟ್ಟು ನೇರವಾಗಿ ಸೊಂಟದ ಮೂಲಕ ಬೆನ್ನಿಗೆ ಹೋಗುತ್ತದೆ, ಅದೂ ದಿನಕ್ಕೆ ಎಂಟು ಹತ್ತು ಗಂಟೆ. ಹಲಗೆಯ ಲಾಭದ ಬಗೆಗಿನ ಜಾಹೀರಾತುಗಳೂ ಸಾಕ್ಷ್ಯಕ್ಕಿಂತ ಮುಂದೆ ಓಡುತ್ತಿವೆ ಎಂಬುದು ನನ್ನ ಅನಿಸಿಕೆ.

ಪೆರ್ಲದ ಟಿಪ್ಪರಿನವ

ಒಂದು ವಾರ ಪರೀಕ್ಷೆ ಮಾಡಿ ನೋಡಿದೆ. ಬೆಳಿಗ್ಗೆ ಬಂಡಿ ಹತ್ತುವ ಮೊದಲು ಮತ್ತು ಸಂಜೆ ಇಳಿದ ಕೂಡಲೇ ಕ್ಲೀನರ್ ಹುಡುಗನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಒಂಟಿ ಕಾಲಿನಲ್ಲಿ ಕಣ್ಣು ಮುಚ್ಚಿ ನಿಂತು, ಮೊಬೈಲಿನಲ್ಲಿ ಸಮಯ ನೋಡಿಸಿದೆ. ಆರು ದಿನಗಳಲ್ಲಿ ಐದು ದಿನ ಸಂಜೆಯದ್ದು ಬೆಳಗಿನದ್ದಕ್ಕಿಂತ ಕಡಿಮೆ. ಅರ್ಧ ಗಂಟೆ ಕುಳಿತು ಚಹಾ ಕುಡಿದ ಮೇಲೆ ಮತ್ತೆ ನಿಂತು ನೋಡಿದರೆ ಬೆಳಗಿನಷ್ಟಕ್ಕೆ ಬರುತ್ತದೆ. ಒಂದು ದಿನ ಮಾತ್ರ ಸಂಜೆಯೇ ಹೆಚ್ಚು ಹೊತ್ತು ನಿಂತೆ, ಅದು ಹೇಗೆಂದು ತಿಳಿಯಲಿಲ್ಲ.

ಸೀಟನ್ನೂ ಬಗ್ಗಿ ನೋಡಿದೆ. ಗ್ಯಾರೇಜಿನ ಅಣ್ಣ ಹೇಳಿದಂತೆಯೇ, ಕಬ್ಬಿಣದ ತುಂಡಿಟ್ಟು ವೆಲ್ಡ್ ಮಾಡಿದ್ದಾರೆ. ನಾಲ್ಕು ವರ್ಷದಿಂದ ಅದರ ಮೇಲೆಯೇ ಕುಳಿತಿದ್ದೇನೆ.

ಮುಳ್ಳೇರಿಯದ ಮಾಷ್ಟ್ರು

ಪ್ರಯೋಗ ಮಾಡಿದ್ದಕ್ಕೆ ಅಭಿನಂದನೆ, ಆದರೆ ತಪ್ಪು ಹುಡುಕುವುದು ನನ್ನ ವೃತ್ತಿಯಾದ್ದರಿಂದ ಹೇಳುತ್ತೇನೆ. ಬೆಳಿಗ್ಗೆ ಮತ್ತು ಸಂಜೆಯ ನಡುವೆ ಕಂಪನವೊಂದೇ ಅಲ್ಲ, ದಣಿವು, ಬಿಸಿಲು, ಹಸಿವು ಎಲ್ಲವೂ ಇವೆ. ಇವುಗಳಿಂದ ಕಂಪನವನ್ನು ಬಿಡಿಸಬೇಕೆಂದರೆ, ಅಷ್ಟೇ ಹೊತ್ತು ನಿಂತ ಬಂಡಿಯಲ್ಲಿ ಕುಳಿತ ಒಂದು ದಿನವೂ ನಿಮ್ಮ ಪಟ್ಟಿಯಲ್ಲಿ ಇರಬೇಕಾಗಿತ್ತು. ಒಂಟಿ ಕಾಲಿನ ಪರೀಕ್ಷೆಯಲ್ಲಿ ಅಭ್ಯಾಸವಾದಂತೆ ಸಮಯ ಹೆಚ್ಚುವುದೂ ಉಂಟು. ಆ ಒಂದು ದಿನದ ಒಗಟಿಗೆ ಅದು ಕಾರಣವಿರಬಹುದು. ನನಗೆ ಹೆಚ್ಚು ಕುತೂಹಲ ಮೂಡಿಸಿದ್ದು ಅರ್ಧ ಗಂಟೆಯಲ್ಲಿ ಸರಿಹೋಗುತ್ತದೆ ಎಂಬ ಭಾಗ. ಕಾರಣ ಯಾವುದೇ ಇರಲಿ, ಕೆಟ್ಟ ಹೊತ್ತು ಇಳಿದ ಕೂಡಲಿನದ್ದು.

ಪುತ್ತಿಗೆಯ ಗೃಹಿಣಿ

ನನ್ನ ಯಜಮಾನರು ಟೋರಸ್ ಲಾರಿ ಓಡಿಸುತ್ತಾರೆ. ಅರ್ಧ ಗಂಟೆ ಎಂದು ಓದಿದಾಗ ಹೆದರಿಕೆಯಾಯಿತು. ಅವರು ಲಾರಿಯಿಂದ ಇಳಿದ ಕೂಡಲೇ ಬೈಕ್ ಹತ್ತಿ ಹದಿನೈದು ಕಿಲೋಮೀಟರ್ ಮನೆಗೆ ಬರುತ್ತಾರೆ. ಬೈಕಿಗೂ ಆಯ ಬೇಕಲ್ಲವೇ?

ಬದಿಯಡ್ಕದ ವೈದ್ಯೆ

ಬೇಕು ಅಕ್ಕ. ಚಲಿಸುತ್ತಿರುವ ಬೈಕನ್ನು ಕಣ್ಣು ಮತ್ತು ಕೈ ಬಹುಪಾಲು ಸಂಭಾಳಿಸುತ್ತವೆ. ತೊಂದರೆ ಬರುವುದು ನಿಲ್ಲಿಸುವಾಗ, ಕಾಲೂರುವಾಗ ಮತ್ತು ಕತ್ತಲಲ್ಲಿ. ಹತ್ತು ಹದಿನೈದು ನಿಮಿಷ ನಡೆದಾಡಿ, ನೀರು ಕುಡಿದು, ಬಳಿಕ ಹೊರಡಲು ಹೇಳಿ. ನಿದ್ರೆಯ ಮಂಪರಿದ್ದರೆ ಹೊರಡಲೇಬಾರದು. ನಿಧಾನದ ಕುಲುಕು ತೊಟ್ಟಿಲಿನಂತೆ ಮಂಪರನ್ನೂ ತರುತ್ತದೆ.

ಹೊಸೂರಿನ ಕ್ವಾರಿ ಸೇಫ್ಟಿಯವ

ಇಳಿಯುವ ಆ ನಿಮಿಷದ ಬಗ್ಗೆ ನಮಗೆಲ್ಲ ಒಮ್ಮತವಿರುವುದರಿಂದ ನಾನು ಚಾಲಕರಿಗೆ ಹೇಳುವುದನ್ನು ಇಲ್ಲಿಯೂ ಹೇಳುತ್ತೇನೆ. ಎಂಜಿನ್ ನಿಲ್ಲಿಸಿದ ಮೇಲೆ ಕೂಡಲೇ ಬಾಗಿಲು ತೆರೆಯದೆ ಒಂದೆರಡು ನಿಮಿಷ ಕುಳಿತಲ್ಲೇ ಪಾದವನ್ನು ಮೇಲೆ ಕೆಳಗೆ ಆಡಿಸಿ, ಮೊಣಕಾಲು ಚಾಚಿ, ಮಡಚಿ. ಚಪ್ಪಲಿ ಹಾಕುವ ಬದಲು ಹಿಮ್ಮಡಿ ಕಚ್ಚುವ ಶೂ ಹಾಕಿಕೊಳ್ಳಿ. ಮುಖ ಕ್ಯಾಬಿನ್ನಿನ ಕಡೆಗಿರಲಿ, ಏಣಿ ಇಳಿಯುವಂತೆ ಇಳಿಯಿರಿ. ಎರಡು ಕೈ ಒಂದು ಕಾಲು ಅಥವಾ ಎರಡು ಕಾಲು ಒಂದು ಕೈ ಯಾವಾಗಲೂ ಬಂಡಿಯನ್ನು ಹಿಡಿದಿರಲಿ. ಅಂದರೆ ಟಿಫಿನ್ನು, ಮೊಬೈಲು ಕೈಯಲ್ಲಿರಕೂಡದು.

ಹಾರುವ ಅಭ್ಯಾಸವಿರುವ ಹುಡುಗರಿಗೆ ನಾನು ಒಂದು ಲೆಕ್ಕ ಹೇಳುತ್ತೇನೆ. ಟ್ರಕ್ಕುಗಳಿಂದ ಇಳಿಯುವ ಬಗೆಗಳನ್ನು ಹೋಲಿಸಿ 2000ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಎತ್ತರದ ಕ್ಯಾಬಿನ್ನಿನಿಂದ ಹಾರಿದವರ ಕಾಲಿಗೆ ದೇಹತೂಕದ 12 ಪಟ್ಟಿನವರೆಗೆ ಪೆಟ್ಟು ಬಿದ್ದಿತ್ತು. ಮೆಟ್ಟಿಲು ಹಿಡಿಕೆಗಳನ್ನು ಪೂರ್ತಿಯಾಗಿ ಬಳಸಿದಾಗ ಅದು ಹೆಚ್ಚಾಗಿ ಎರಡು ಪಟ್ಟಿನೊಳಗೇ ಇತ್ತು.

ಕುಂಬಳೆಯ ಜೆಸಿಬಿಯವ

ಮಳೆಗಾಲದಲ್ಲಿ ನಮ್ಮ ಕೆಂಪು ಮಣ್ಣು ಮೆಟ್ಟಿಲಿಗೆ ಮೆತ್ತಿಕೊಂಡರೆ ಸಾಬೂನು ಹಚ್ಚಿದ ಹಾಗೆ. ನಾನು ಕ್ಯಾಬಿನ್ನಿನಲ್ಲಿ ಒಂದು ತೆಂಗಿನ ಕಡ್ಡಿ ಹಿಡಿಸೂಡಿಯ ತುಂಡು ಇಟ್ಟುಕೊಂಡಿದ್ದೇನೆ. ಇಳಿಯುವ ಮೊದಲು ಮೇಲಿನಿಂದಲೇ ಮೆಟ್ಟಿಲಿನ ಮಣ್ಣು ಕೆರೆದುಬಿಡುತ್ತೇನೆ.

ಪೆರ್ಲದ ಟಿಪ್ಪರಿನವ

ಡಾಕ್ಟರೇ, ನೀವು ಹೇಳಿದಂತೆ ತೋರಿಸಿಕೊಂಡೆ. ಸಕ್ಕರೆ ಸರಿಯಾಗಿದೆ. ಶ್ರುತಿಕವಲನ್ನು ಹೊಡೆದು ಕಾಲಿನ ಹೆಬ್ಬೆರಳಿನ ಮೇಲಿಟ್ಟು ಅದುರುವುದು ತಿಳಿಯುತ್ತದೆಯೇ ಎಂದು ಅಲ್ಲಿಯವರು ಕೇಳಿದರು. ಎರಡು ಕಾಲಿನಲ್ಲಿಯೂ ತಿಳಿಯಿತು. ದಿನವಿಡೀ ಅದುರಿಸಿಕೊಂಡು ಬಂದವನಿಗೆ ಮತ್ತೆ ಅದುರಿಸಿಯೇ ಪರೀಕ್ಷೆ ಮಾಡಿದ್ದು ಕಂಡು ನಗು ಬಂತು. ಸೋಮವಾರದಿಂದ ಇಳಿಯುವ ಮೊದಲು ಎರಡು ನಿಮಿಷ ಕೂರುತ್ತಿದ್ದೇನೆ, ಸ್ನಾನ ಸ್ಟೂಲಿನ ಮೇಲೆ, ಖಾಲಿ ಬಂಡಿ ಕೋರೆಯ ದಾರಿಯಲ್ಲಿ ಎರಡನೇ ಗೇರಿನಲ್ಲಿ.

ಸೀಟಿನ ವಿಷಯ ಮಾಲೀಕರಿಗೆ ಹೇಳಿದೆ. ಬಂಡಿ ಓಡುತ್ತದೆಯಲ್ಲ, ಸೀಟಿಗೇನಾಗಿದೆ ಎಂದು ಕೇಳಿದರು. ಆ ವೆಲ್ಡ್ ತೆಗೆದು ಹಳೆಯ ಸಸ್ಪೆನ್ಷನ್ನನ್ನೇ ಸರಿಮಾಡಲು ಆಗುತ್ತದೆಯೇ, ಗ್ಯಾರೇಜಿನ ಅಣ್ಣ?

ಸೀತಾಂಗೋಳಿಯ ಗ್ಯಾರೇಜಿನವ

ಕೆಳಗಿನ ಕತ್ತರಿ ಕಾಲುಗಳು ಬಾಗಿರದಿದ್ದರೆ ಆಗುತ್ತದೆ. ವೆಲ್ಡ್ ಕೊರೆದು ತೆಗೆದು, ಶಾಕ್ ಅಬ್ಸಾರ್ಬರ್ ಮತ್ತು ಬುಷ್ ಹೊಸತು ಹಾಕಬೇಕು, ಸ್ಪ್ರಿಂಗ್ ನೋಡಿ ಹೇಳುತ್ತೇನೆ. ಭಾನುವಾರ ಬೆಳಿಗ್ಗೆ ತನ್ನಿ. ನೀವೇ ಬರಬೇಕು, ಬೇರೆಯವರ ಕೈಯಲ್ಲಿ ಬಂಡಿ ಕಳಿಸಬೇಡಿ. ಗುಬ್ಬಿಯನ್ನು ನಿಮ್ಮ ತೂಕಕ್ಕೆ ಹೊಂದಿಸಬೇಕಲ್ಲ.